ಹೊಗೆ ನೋಡಲಿಲ್ಲ, ಡೆಕ್ಕು ನೋಡಿದ

ನಿನ್ನೆ ಕಾಕಾನ ಮಗನ ಜೊತೆ ಹುಬ್ಬಳ್ಳಿಯ ಗದಗ ರಸ್ತೆಯಲ್ಲಿರುವ ಹಳೆಯ ಟ್ರ್ಯಾಕ್ಟರ್‌ಗಳ ಅಂಗಳಕ್ಕೆ ಹೋಗಿಬಂದೆ. ಬಂದಾಗಿನಿಂದ ಹೊಟ್ಟೆ ಉರಿಯುತ್ತಿದೆ. ಮಿರ್ಚಿ ಭಜಿಯ ತಪ್ಪಲ್ಲ.

ಮೂಲೆಯಲ್ಲಿ ಒಂದು ಮ್ಯಾಸ್ಸಿ 1035 ನಿಂತಿತ್ತು. ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಎಂಜಿನ್ ಮುಟ್ಟಿದೆ, ತಣ್ಣಗಿತ್ತು. ನಾವು ಬರುವ ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿರಲಿಲ್ಲ ಎಂದಾಯಿತು. ಒಂದೇ ಸೆಲ್ಫ್‌ಗೆ ಎದ್ದಿತು. ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದೆ, ಹೊಗೆ ಉಗುಳಲಿಲ್ಲ, ಎಂಜಿನ್ ಒಳಗೆ ಸವೆದಿಲ್ಲ ಎಂದಾಯಿತು. ರೆಂಟೆ ಎತ್ತಿಸಿ ಎಂಜಿನ್ ಬಂದ್ ಮಾಡಿಸಿದೆ. ಚಹಾ ಕುಡಿದು ಮುಗಿದರೂ ಲಿಫ್ಟ್ ಬೆರಳಷ್ಟೂ ಇಳಿದಿರಲಿಲ್ಲ.

ತಮ್ಮನ ಕಣ್ಣು ಮಾತ್ರ ಪಕ್ಕದ್ದರ ಮೇಲೆ. ಹೊಸ ಪೇಂಟು, ಎಮ್ಮೆ ಅಡ್ಡ ಮಲಗಿದಷ್ಟು ದೊಡ್ಡ ಬಂಪರ್, ಛತ್ರಿಯ ಕೆಳಗೆ ನಾಲ್ಕು ಸ್ಪೀಕರ್. ಗೇರ್ ಬಾಕ್ಸ್ ಕೂಗುತ್ತಿತ್ತು, ಆದರೆ ಡೆಕ್ಕು ಹಚ್ಚಿದ ಮೇಲೆ ಅದು ಯಾರಿಗೆ ಕೇಳಬೇಕು! “ಗೌಡರೇ, ಇದು ಕಬ್ಬಿಗೆ ಹೋಗಿಯೇ ಇಲ್ಲ” ಎಂದ ದಲ್ಲಾಳಿ. ಟ್ರೇಲರ್ ಸಿಗಿಸುವ ಕೊಂಡಿಯ ತೂತು ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಎರಡೆರಡು ಟ್ರೇಲರ್ ಕಬ್ಬು ಎಳೆಯದೆ ತಾನಾಗಿ ಸವೆಯಿತೇ? ಒಂದೂವರೆ ಲಕ್ಷ ಹೆಚ್ಚು ಕೊಟ್ಟು ಅದನ್ನೇ ತಂದ.

ಬೇರೆ ದೇಶದವರೂ ಹಳೆಯದನ್ನು ಕೊಳ್ಳುತ್ತಾರೆ, ಮಾರಾಯರೇ. ಅಮೆರಿಕದಲ್ಲಿ ನಾಲ್ಕೆಕರೆ ಇರುವವನು ಜಪಾನಿನ ಗದ್ದೆಗಳಲ್ಲಿ ದುಡಿದು ಬಂದ ಸಣ್ಣ ಯಾನ್ಮಾರ್, ಕುಬೋಟಾ ಹುಡುಕುತ್ತಾನೆ. ಮುಂದೆ ಮಣ್ಣು, ಹಿಮ ಎತ್ತುವ ಬಕೆಟ್ ಇದೆಯೇ ಎಂದು ನೋಡುತ್ತಾನೆ. ಸೀಟಿನ ಹಿಂದೆ, ಗಾಡಿ ಮಗುಚಿದರೆ ತಲೆ ಉಳಿಸುವ ಕಬ್ಬಿಣದ ಕಮಾನು ಇದೆಯೇ ಎಂದು ಕೇಳುತ್ತಾನೆ. ಅಲ್ಲಿನ ಕಂಪನಿಗಳು 1985ರಿಂದ ಹೊಸ ಗಾಡಿಗೆ ಆ ಕಮಾನನ್ನು ತಾವಾಗಿಯೇ ಹಾಕಿ ಕೊಡುತ್ತಿವೆ. ನಾವು ಅದೇ ಜಾಗದಲ್ಲಿ ಸ್ಪೀಕರ್ ಕೂರಿಸುತ್ತೇವೆ. ಅಲ್ಲಿನ ದೊಡ್ಡ ರೈತರಲ್ಲೂ 1978ರಿಂದ 1982ರವರೆಗೆ ತಯಾರಾದ ಜಾನ್ ಡಿಯರ್ 4440ಗೆ ಇಂದಿಗೂ ಮುಗಿಬೀಳುವವರಿದ್ದಾರೆ. ಅದರಲ್ಲಿ ಕಂಪ್ಯೂಟರ್ ಇಲ್ಲ, ಪಾನಾ ಹಿಡಿದು ತಾವೇ ಬಿಚ್ಚಬಹುದು. ಮೂಲೆಯಲ್ಲಿದ್ದ ನಮ್ಮ ಬಡಪಾಯಿ 1035ರ ಗುಣವೂ ಅದೇ. ಅಣ್ಣಿಗೇರಿಯ ಗ್ಯಾರೇಜಿನ ಹುಡುಗರು ಅದನ್ನು ಕಣ್ಣು ಮುಚ್ಚಿ ಬಿಚ್ಚುತ್ತಾರೆ. ಅಮೆರಿಕದವರೇನು ಸಂತರಲ್ಲ ಬಿಡಿ, ಜಾನ್ ಡಿಯರ್‌ನ ಹಸಿರು ಬಣ್ಣಕ್ಕೆ ಹೆಚ್ಚು ಕೊಡುವ ಹುಚ್ಚು ಅಲ್ಲಿಯೂ ಇದೆ. ಆದರೆ ಬಂಪರಿಗೆ?

ಎರೆ ಭೂಮಿಗೆ 1035ರ 36 ಎಚ್‌ಪಿ ಸಾಲುವುದಿಲ್ಲ ಎನ್ನುತ್ತೀರಿ. ಗೊತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಗೆ ಮಣ್ಣು ಮಗುಚುವ ಪಲ್ಟಿ ನೇಗಿಲು ಹಾಕಿದರೆ ಅದಕ್ಕೆ ಏದುಸಿರು ಬರುತ್ತದೆ. ಎಂಟೆಕರೆಗೆ ಪಲ್ಟಿ ಹೊಡೆಯುವುದು ವರ್ಷಕ್ಕೆ ಎಷ್ಟು ದಿನ? ಎರಡು. ಬಾಡಿಗೆಗೆ ಹೊಡೆಸಿದರೆ ಮುಗಿಯಿತು. ಉಳಿದದ್ದೆಲ್ಲ ಹರಗುವುದು, ಬಿತ್ತುವುದು, ಗೊಬ್ಬರ ಹೇರುವುದು. ನಾಳೆ ಮಾರಿದರೆ ರೇಟು ಬರುವುದಿಲ್ಲ ಎನ್ನುವವರು ದನದ ಸಂತೆಗೆ ಹೋಗಲಿ.

ಊರಿನವರು ಕಾಮೆಂಟಿನಲ್ಲಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. 2012ರಲ್ಲಿ ನಾನು ತಂದ ಹಳೆಯ ಟ್ರ್ಯಾಕ್ಟರ್‌ಗೆ ಆರು ಥರ ಕೂಗುವ ಹಾರ್ನ್ ಇತ್ತು. ಅದಕ್ಕೇ ತಂದದ್ದು. ಮುಂಗಾರು ಬಿತ್ತನೆಯ ಹೊತ್ತಿಗೆ ಎಂಜಿನ್ ಒಳಗೆಲ್ಲ ಸವೆದು ಬಿಚ್ಚಿ ಬೋರ್ ಮಾಡಿಸುವ ಸ್ಥಿತಿಗೆ ಬಂತು. ಅಪ್ಪ ಒಂದು ಮಾತೂ ಆಡದೆ ಪಕ್ಕದ ಹೊಲದವರ ಎತ್ತು ಕೇಳಿ ತಂದು ಕೂರಿಗೆ ಹೂಡಿದರು. ಹಾರ್ನ್ ಈಗಲೂ ಅಟ್ಟದ ಮೇಲಿದೆ. ತಮ್ಮ ಕೇಳಿದರೆ ಕೊಟ್ಟುಬಿಡುತ್ತೇನೆ, ಆ ಬಂಪರಿಗೆ ಚೆನ್ನಾಗಿ ಒಪ್ಪುತ್ತದೆ.