ಫೋಟೋ ಬೇಕಾದವರು ಆ ಮನೆಯಲ್ಲಿ ಇರುವುದಿಲ್ಲ

ಗುಜರಿ ಅಂಗಡಿಯವನಿಗೆ ಬೇಕಿದ್ದದ್ದು ಗಾಜು ಮತ್ತು ತೇಗದ ಕಟ್ಟು, ಅಷ್ಟೇ. ತುಮಕೂರಿನಲ್ಲಿ ನಮ್ಮ ಮನೆ ಹತ್ತಿರದ ಅಂಗಡಿ, ಹಳೇ ಪೇಪರ್ ಹಾಕಲು ಹೋಗಿದ್ದೆ. ಆತ ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಫೋಟೋದ ಹಿಂದಿನ ಮೊಳೆ ಮೀಟುತ್ತಿದ್ದ. ಗಾಜು ಒಂದು ಕಡೆ, ಮರ ಒಂದು ಕಡೆ, ಒಳಗಿದ್ದ ಜನ ರಟ್ಟಿನ ರಾಶಿಗೆ. ನಾನು ನೋಡುತ್ತಿದ್ದಂತೆ ಪೇಟ ಸುತ್ತಿದ ಯಜಮಾನರೊಬ್ಬರು ಬಿಸ್ಕತ್ ಡಬ್ಬಗಳ ಮೇಲೆ ಹೋಗಿ ಬಿದ್ದರು.

"ಇದಕ್ಕೆಲ್ಲ ರೇಟಿಲ್ವಾ?" ಅಂದೆ. "ಎಕ್ಸ್‌ರೇ ಇದ್ರೆ ತನ್ನಿ ಅಕ್ಕಾ, ಅದ್ರಲ್ಲಿ ಬೆಳ್ಳಿ ಬರುತ್ತೆ. ಇದು ರಟ್ಟಿನ ರೇಟೇ" ಅಂದ. ಕಪ್ಪು ಬಿಳುಪು ಫೋಟೋದಲ್ಲಿ ಇರುವುದೂ ಬೆಳ್ಳಿಯೇ. ಹಳೇ ಫೋಟೋಗಳ ಅಂಚು ನೀಲಿ ನೀಲಿಯಾಗಿ ಕನ್ನಡಿ ಥರ ಹೊಳೆಯುತ್ತಲ್ಲ, ಅದು ಒಳಗಿನ ಬೆಳ್ಳಿ ಮೇಲೆ ಬಂದಿರುವುದು. ಆದರೆ ನಾನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ರೇಟು ಏರಿಸುತ್ತಿದ್ದ. ಹನ್ನೊಂದು ಫೋಟೋಗೆ ನೂರು ರೂಪಾಯಿ ಕೊಟ್ಟು ತಂದೆ.

ಮನೆಯವರು ಊಟದ ಟೇಬಲ್ ನೋಡಿ, "ಯಾರದ್ದೋ ಮನೇಲಿ ಸತ್ತವರನ್ನೆಲ್ಲ ಯಾಕೆ ತಂದೆ?" ಅಂದರು. ಅದರಲ್ಲಿ ತಪ್ಪೇನಿಲ್ಲ. ಒಂದು ಫೋಟೋ ನಿಜವಾಗಿಯೂ ಹಾಗೇ ಇತ್ತು. ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಸುತ್ತ ಮನೆಮಂದಿ ನಿಂತು ತೆಗೆಸಿದ್ದು. ನಮ್ಮ ಕಡೆ ಹಳೇ ಮನೆಗಳಲ್ಲಿ ಇದು ಹೊಸದಲ್ಲ. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆ ಆಗುತ್ತೆ ಅಂತ ಜೀವಮಾನವೆಲ್ಲ ತಪ್ಪಿಸಿಕೊಂಡು ಓಡಾಡಿದವರಿಗೂ ಕೊನೆ ದಿನ ಸ್ಟುಡಿಯೋದವನಿಗೆ ಹೇಳಿ ಕಳಿಸುತ್ತಿದ್ದರು. ಅದನ್ನು ನಾನು ಯಾರ ಗ್ರೂಪಿಗೂ ಕಳಿಸಲಿಲ್ಲ, ಇಲ್ಲೂ ಹಾಕಲ್ಲ. ಬೇರೆಯವರ ಮನೆ ಸಾವು ಅದು, ಲೈಕ್ ಒತ್ತಿಸಿಕೊಳ್ಳೋಕಲ್ಲ.

ಹಳೇ ಫೋಟೋ ಕೈಗೆ ಬಂದರೆ ಮುಖ ನೋಡಬೇಡಿ, ಬೆನ್ನು ನೋಡಿ. ಬೆನ್ನಿಗೆ ಗುಬ್ಬಿಯ ಸ್ಟುಡಿಯೋ ಒಂದರ ಸೀಲು, ಅದರಡಿ 'ಮೈಸೂರು ಸ್ಟೇಟ್'. ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ, ಅಂದರೆ ಅದಕ್ಕೆ ಮುಂಚಿನದು. (ಸೀಲು ಸವೆಯೋವರೆಗೂ ನಮ್ಮ ಜನ ಬದಲಾಯಿಸಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.) ಪಿನ್‌ಕೋಡ್ ಇಲ್ಲ. ಅದು ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಒಂದು ದೊಡ್ಡ ಗ್ರೂಪ್ ಫೋಟೋದ ಹಿಂದೆ ಒತ್ತಿಗೆ ಅಂತ ಮಡಿಸಿಟ್ಟ ಪ್ರಜಾವಾಣಿ ಹಾಳೆ ಸಿಕ್ಕಿತು, 1961ರದ್ದು. ಅದು ಕಟ್ಟು ಹಾಕಿಸಿದ ಕಾಲ ಹೇಳುತ್ತೆ, ಫೋಟೋ ಇನ್ನೂ ಹಳೇದಿರಬಹುದು. ಇನ್ನೊಂದರ ಹಿಂದೆ ಪೆನ್ಸಿಲ್‌ನಲ್ಲಿ "ಭಾವ, ಅಕ್ಕ, ದೊಡ್ಡ ಪಾಪು". ಯಾರ ಭಾವ? ಬರೆದವರಿಗೆ ಗೊತ್ತಿತ್ತು, ಅವರಿಗೆ ಅಷ್ಟೇ ಸಾಕಾಗಿತ್ತು.

ಗುಬ್ಬಿ ಕಡೆಯ ಪರಿಚಯದವರಿಗೆಲ್ಲ ಆ ಗ್ರೂಪ್ ಫೋಟೋ ಕಳಿಸಿದೆ. ಮೂರು ವಾರ ಬರೀ ಕೈ ಮುಗಿಯುವ ಇಮೋಜಿ. ಆಮೇಲೆ ಒಬ್ಬರು ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. "ಜನ ಗೊತ್ತಾಗ್ತಿಲ್ಲಮ್ಮ, ಕಂಬ ಗೊತ್ತಾಯ್ತು. ಆ ಜಗಲಿ ಮೇಲೆ ಕೂತು ನಾನು ಮಗ್ಗಿ ಹೇಳಿದೀನಿ" ಅಂದರು. ಈಗ ಆ ಜಾಗದಲ್ಲಿ ನಾಲ್ಕು ಮಳಿಗೆಯ ಕಾಂಪ್ಲೆಕ್ಸ್ ಇದೆಯಂತೆ. ಮನೆಯ ಮೊಮ್ಮಗನ ನಂಬರ್ ಅವರೇ ಕೊಡಿಸಿದರು.

ಆತ ಮರ್ಯಾದೆಯಿಂದಲೇ ಮಾತಾಡಿದ. "ನಾವೇ ಹಾಕಿದ್ದು ಮೇಡಂ. ಮನೆ ಕೆಡವಿದ್ವಲ್ಲ, ಅಪಾರ್ಟ್‌ಮೆಂಟಲ್ಲಿ ಎಲ್ಲಿ ಇಡೋದು? ನಿಮಗೆ ಇಷ್ಟ ಇದ್ರೆ ಇಟ್ಕೊಳ್ಳಿ."

ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ಆಮೇಲೆ ನಮ್ಮ ತವರುಮನೆ ನೆನಪಾಯಿತು. ಮಧುಗಿರಿಯಲ್ಲಿ ಹೆಂಚಿನ ಮನೆ ಇತ್ತು. ಅದನ್ನು ಬಿಚ್ಚಿಸುವಾಗ ಪಡಸಾಲೆಯ ಫೋಟೋಗಳು ಏನಾದವು ಅಂತ ನಮ್ಮಣ್ಣನನ್ನು ಕೇಳಿದರೆ ಅವನಿಗೆ ಇವತ್ತಿಗೂ ನೆನಪಿಲ್ಲ. ಸುಳ್ಳು ಹೇಳುತ್ತಿಲ್ಲ ಪಾಪ, ನಿಜವಾಗಿಯೂ ನೆನಪಿಲ್ಲ. ತಾಮ್ರದ ಹಂಡೆ ಯಾರಿಗೆ, ಕೊಪ್ಪರಿಗೆ ಯಾರಿಗೆ, ಹಿತ್ತಲಲ್ಲಿ ತೆಂಗಿನ ಮರ ಎಷ್ಟು, ಎಲ್ಲ ಎಣಿಸಿ ಬರೆದಿಟ್ಟಿದ್ದಾರೆ. ಗೋಡೆ ಮೇಲಿನ ಫೋಟೋ ಯಾವ ಪಾಲುಪಟ್ಟಿಯಲ್ಲೂ ಬರಲ್ಲ. ಹೆಣ್ಣುಮಕ್ಕಳಿಗೂ ಪಾಲಿದೆ ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು, 2005ರಲ್ಲಿ ದೇಶಕ್ಕೆಲ್ಲ ಆಯಿತು, ಹಾಗಾಗಿ ಸಹಿ ಹಾಕಿಸೋಕೆ ಅಕ್ಕತಂಗಿಯರನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕಾರಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಫೋಟೋಗೆ ಯಾರ ಸಹಿಯೂ ಬೇಡ. ಯಾರನ್ನೂ ಕರೆಯಲ್ಲ.

ಅದಕ್ಕೇ ನನ್ನ ಅನಿಸಿಕೆ ಇಷ್ಟು. ಫೋಟೋ ವಾಪಸ್ ಕೊಡೋಕೆ ವಂಶದವರನ್ನು ಹುಡುಕುವವರು ಮನೆ ಹೆಸರು, ಇನಿಷಿಯಲ್ಲು ಹಿಡಿದು ಗಂಡುಮಕ್ಕಳ ಕಡೆಯೇ ಹೋಗುತ್ತಾರೆ. ಎಷ್ಟೋ ಸಲ ಅದನ್ನು ಗುಜರಿಗೆ ಹಾಕಿದವರೇ ಅವರು. ಬೇಕಾದವರು ಬೇರೆ ಊರಲ್ಲಿ, ಬೇರೆ ಮನೆ ಹೆಸರಲ್ಲಿ ಇರುತ್ತಾರೆ. ತವರು ಬಿಟ್ಟು ಹೋಗುವಾಗ ಗೋಡೆ ಮೇಲಿನದ್ದು ಕಿತ್ತುಕೊಂಡು ಹೋಗೋಕಾಗಲ್ಲವಲ್ಲ.

ಮತ್ತೆ ಅದೇ ನಂಬರಿಗೆ ಫೋನ್ ಮಾಡಿದೆ. "ನಿಮ್ಮ ಸೋದರತ್ತೆಯರು ಯಾರಾದ್ರೂ ಇದಾರಾ?" "ಒಬ್ರಿದಾರೆ, ಕೊರಟಗೆರೆ ಹತ್ತಿರ ಹಳ್ಳೀಲಿ. ಎಂಬತ್ತು ದಾಟಿದೆ. ಅವ್ರಿಗ್ಯಾಕೆ?"

ಭಾನುವಾರ ಹೋದೆ. ಗಂಡ ಹೆಂಡತಿ ಕುರ್ಚಿ ಮೇಲೆ ಕೂತ, ಹಿಂದೆ ಪರದೆಯಲ್ಲಿ ಕೊಳ, ಹಂಸ ಬರೆದಿದ್ದ ಫೋಟೋವನ್ನೇ ಮೊದಲು ಕೊಟ್ಟೆ. ಅಜ್ಜಿ ಅಳುತ್ತಾರೆ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಕನ್ನಡಕ ಸರಿ ಮಾಡಿಕೊಂಡು ನೋಡಿ, "ಇದು ನಮ್ಮಮ್ಮ ಅಲ್ಲ ಕಣಮ್ಮ, ನಮ್ಮಪ್ಪನ ಮೊದಲ್ನೇ ಹೆಂಡ್ತಿ. ನಾನು ಹುಟ್ಟೋಕೆ ಮುಂಚೇನೇ ಹೋದ್ರು" ಅಂದರು. ನನ್ನ ಮುಖ ಹೇಗಾಗಿರಬೇಕು ನೀವೇ ಊಹಿಸಿ. ಅವರ ಅಮ್ಮನ ಫೋಟೋ ಒಂದೂ ಇಲ್ಲವಂತೆ.

ಆಮೇಲೆ ಗ್ರೂಪ್ ಫೋಟೋ ನೋಡಿದರು. ಗುಜರಿಯವನು ಗಾಜು ತೆಗೆದಿದ್ದ, ಸುತ್ತಲಿನ ಕಪ್ಪು ಕಾಗದ ಹಾಗೇ ಇತ್ತು. "ಅವತ್ತು ನಮ್ಮಮ್ಮ ನನ್ನ ಎತ್ಕೊಂಡು ಈ ಪಕ್ಕ ನಿಂತಿದ್ಲು ಅಂತಿದ್ರು. ಗೋಡೆ ಮೇಲಿದ್ದಾಗ್ಲೂ ಹುಡುಕ್ತಿದ್ದೆ, ಇರ್ಲಿಲ್ಲ." ಅವರ ಮೊಮ್ಮಗ, ಐಟಿಐ ಓದುವ ಹುಡುಗ, ಬ್ಲೇಡಿನ ಮೊಂಡು ಕಡೆಯಿಂದ ಆ ಕಾಗದವನ್ನು ಮೆಲ್ಲಗೆ ಎಬ್ಬಿಸಿದ. ಯಜಮಾನರು ಸರಿಯಾಗಿ ನಡುವೆ ಬರಲಿ ಅಂತ ಯಾರೋ ಒಂದು ಕಡೆಯ ಅಂಚನ್ನು ಎರಡು ಬೆರಳಗಲ ಮುಚ್ಚಿಸಿದ್ದರು. ಉಳಿದ ಫೋಟೋವೆಲ್ಲ ಟೀ ಬಣ್ಣಕ್ಕೆ ತಿರುಗಿತ್ತು, ಮುಚ್ಚಿದ್ದ ಆ ಪಟ್ಟಿ ಮಾತ್ರ ನಿನ್ನೆ ತೊಳೆಸಿದ ಹಾಗಿತ್ತು. ಅದರಲ್ಲಿ ಒಬ್ಬ ಹೆಂಗಸು, ತಲೆ ಮೇಲೆ ಸೆರಗು, ಸೊಂಟದ ಮೇಲೆ ಮಗು. ಮಗು ಅಲ್ಲಾಡಿತ್ತು. ಮುಖದ ಜಾಗದಲ್ಲಿ ಬರೀ ಬೆಳ್ಳಗೆ ಮೋಡ.

"ಅಯ್ಯೋ, ನಾನು ಅಲ್ಲಾಡ್ಬಿಟ್ಟಿದೀನಿ" ಅಂದರು ಅಜ್ಜಿ.

ಹುಡುಗ ತಕ್ಷಣ ಮೊಬೈಲಲ್ಲಿ ಹಿಡಿದು ಅದ್ಯಾವುದೋ ಆ್ಯಪ್‌ಗೆ ಹಾಕಿ ಬಣ್ಣ ತುಂಬಿಸಿದ. ಸೀರೆ ನೀಲಿ ಬಂತು. ಅಜ್ಜಿ ಒಪ್ಪಲಿಲ್ಲ. ಮಾವಿನ ಚಿಗುರಿನ ಬಣ್ಣವಂತೆ, ಹಳೇದಾದ ಮೇಲೆ ಅದನ್ನೇ ಜೋಲಿ ಕಟ್ಟಿದ್ದರಂತೆ, ತಮ್ಮಂದಿರೆಲ್ಲ ಅದರಲ್ಲೇ ಮಲಗಿದ್ದಂತೆ. ಕಪ್ಪು ಬಿಳುಪು ಫೋಟೋದೊಳಗೆ ಬಣ್ಣ ಇರುವುದೇ ಇಲ್ಲ, ಆ್ಯಪ್ ಊಹೆ ಮಾಡುತ್ತೆ ಅಷ್ಟೇ. ಬಣ್ಣ ಗೊತ್ತಿರುವವರು ಎದುರಿಗೇ ಕೂತಿರುವಾಗ ಅವರನ್ನು ಕೇಳಬಹುದಲ್ವಾ? ಬರೆದುಕೊಳ್ಳೋ ಅಂದೆ. ಬಾಲ್‌ಪೆನ್ ತಂದ. ಬೇಡಪ್ಪಾ, ಒತ್ತಿದರೆ ಮುಂದಿನ ಕಡೆ ಗೀರು ಏಳುತ್ತೆ, ಮೆತ್ತನೆ ಪೆನ್ಸಿಲ್ ತಗೋ ಅಂದೆ. ಹುಡುಗ ಲ್ಯಾಮಿನೇಷನ್ ಮಾಡಿಸೋಣ ಅಂತಲೂ ಹೊರಟಿದ್ದ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ, ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸೋಕಾಗಲ್ಲ. ಗಾಜಿಗೆ ಅಂಟಿಕೊಂಡ ಫೋಟೋ ಇದ್ದರೂ ಅಷ್ಟೇ, ಎಳೆಯಬೇಡಿ, ಮುಖ ಗಾಜಿನಲ್ಲೇ ಉಳಿಯುತ್ತೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, 600 ಡಿಪಿಐ ಅಂತ ಹೇಳಿ ಮಾಡಿಸಿ.

ಹೊರಡುವಾಗ ಆ ಮೊದಲನೇ ಹೆಂಡತಿಯ ಫೋಟೋ ನನ್ನ ಕೈಯಲ್ಲೇ ಇತ್ತು. ಆಕೆಗೆ ಮಕ್ಕಳಿರಲಿಲ್ಲ, ಕೊಡೋಕೆ ವಾರಸುದಾರರೇ ಇಲ್ಲ. ನಾನೇ ಇಟ್ಟುಕೊಳ್ಳೋಣ ಅಂದುಕೊಂಡೆ. ಅಜ್ಜಿ ಕೈ ಚಾಚಿ ಇಸಿದುಕೊಂಡರು. "ಅವ್ರಿಗ್ಯಾರಿದಾರೆ, ಇಲ್ಲೇ ಇರ್ಲಿ."

ಹನ್ನೊಂದರಲ್ಲಿ ಹತ್ತು ಅಲ್ಲೇ ಉಳಿದವು. ಒಂದು ಅವರದ್ದಲ್ಲವಂತೆ, ಗುಜರಿಯಲ್ಲಿ ಬೆರೆತು ಬಂದಿರಬೇಕು. ಕೆಳಗೆ ಹಾಕಿದ್ದೀನಿ ನೋಡಿ. ಮೂರು ಗಾಲಿ ಸೈಕಲ್ ಮೇಲೆ ಐದಾರು ವರ್ಷದ ಹುಡುಗ, ಪಕ್ಕದಲ್ಲಿ ಎರಡು ಜಡೆ ಹಾಕಿದ ಅಕ್ಕ, ಅವಳ ಕೈಯಲ್ಲಿ ವ್ಯಾನಿಟಿ ಬ್ಯಾಗು. ಸೀಲು 'ಚಿಂತಾಮಣಿ, ಕೋಲಾರ ಜಿಲ್ಲೆ, ಮೈಸೂರು ಸ್ಟೇಟ್'. ಚಿಂತಾಮಣಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು 2007ರಲ್ಲಿ, ಹಾಗಾಗಿ ಗೊಂದಲ ಬೇಡ. ಆ ಕಡೆಯವರು ನಿಮ್ಮ ಮನೆ ಹಿರಿಯರಿಗೆ ಒಂದು ಸಲ ತೋರಿಸಿ. ಸೈಕಲ್ ಮೇಲಿನ ಹುಡುಗನನ್ನು ಕೇಳೋದಕ್ಕಿಂತ, ಎರಡು ಜಡೆಯವಳು ಯಾವ ಊರಿಗೆ ಮದುವೆಯಾಗಿ ಹೋದಳು ಅಂತ ಕೇಳಿ.