ಕೀ ಕೊಡುವ ಮೊದಲು ಕಾಗದ

ನಮ್ಮ ವ್ಯಾಗನ್ ಆರ್ ಮಾರಿದೆವು. 2013ರ ಗಾಡಿ, ಕೆಎ 14, ಆರ್‌ಸಿ ನನ್ನ ಹೆಸರಲ್ಲಿತ್ತು. ಕೊಂಡವನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಹುಡುಗ. ಗಾಡಿ ನೋಡಲು ಬಂದದ್ದು ಜೂನ್ ಮಧ್ಯದಲ್ಲಿ, ನಾನು ಕೀ ಕೊಟ್ಟದ್ದು ಜುಲೈ ಕೊನೆಗೆ. ಅಷ್ಟು ದಿನವೂ ಮನೆಯವರು, ನೆಂಟರು, ಪಕ್ಕದ ಮನೆಯವರು ಒಂದೇ ಮಾತು ಕೇಳಿದರು. "ಪೂರ್ತಿ ದುಡ್ಡು ಕೊಡ್ತೀನಿ ಅಂತಿದ್ದಾನೆ, ಕೊಟ್ಟು ಕಳಿಸೋಕೆ ನಿಂಗೇನು ಕಷ್ಟ?" ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳೋಣ ಅಂತ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಗಾಡಿ ಮಾರುವ ಯೋಚನೆ ಇದ್ದವರು ದಯವಿಟ್ಟು ಪೂರ್ತಿ ಓದಿ.

ಮೊದಲು ನಮ್ಮ ಚಿಕ್ಕಪ್ಪನ ಓಮ್ನಿ ಕತೆ ಹೇಳಬೇಕು. ಸುಮಾರು ಹದಿನೈದು ವರ್ಷದ ಹಿಂದಿನದು. ಪೇಟೆಯ ಒಬ್ಬ ಬ್ರೋಕರ್ ಬಂದು ನಗದು ಎಣಿಸಿ ಕೊಟ್ಟ. ನೂರು ರೂಪಾಯಿಯ ಬಾಂಡ್ ಪೇಪರ್ ಮೇಲೆ ನಾಲ್ಕು ಸಾಲು ಬರೆದರು. ಗಾಡಿ ಮಾರಿದ್ದನ್ನು ಆರ್‌ಟಿಒಗೆ ತಿಳಿಸುವ ಫಾರಂ 29, ಹೆಸರು ಬದಲಾಯಿಸಲು ಕೇಳುವ ಫಾರಂ 30 ಎರಡಕ್ಕೂ ಚಿಕ್ಕಪ್ಪನಿಂದ ಸೈನ್ ಹಾಕಿಸಿಕೊಂಡ. ಫಾರಂ ಖಾಲಿ. ಕೊಂಡವರ ಹೆಸರಿಲ್ಲ, ತಾರೀಕಿಲ್ಲ. "ಪಾರ್ಟಿ ಸಿಕ್ಕ ಮೇಲೆ ನಾನೇ ತುಂಬ್ಕೊಳ್ತೀನಿ" ಅಂದ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಈಗಲೂ ಮಾಡುತ್ತಾರೆ.

ಎರಡು ವರ್ಷದ ಮೇಲೆ, ಅಡಿಕೆ ಕೊಯ್ಲು ನಡೆಯುತ್ತಿದ್ದಾಗ, ರಿಜಿಸ್ಟರ್ ಪೋಸ್ಟ್ ಬಂತು. ಗೋವಾದಿಂದ ಕೋರ್ಟ್ ನೋಟಿಸ್. ಆ ಓಮ್ನಿ ಅಲ್ಲೊಬ್ಬ ಗಾರೆ ಕೆಲಸದವನಿಗೆ ಗುದ್ದಿತ್ತು, ಕಾಲು ಮುರಿದಿತ್ತು. ಗಾಡಿಗೆ ಇನ್ಶೂರೆನ್ಸ್ ಇರಲಿಲ್ಲ. ನಾಲ್ಕು ಕೈ ದಾಟಿ ಹೋಗಿದ್ದ ಗಾಡಿ, ಆದರೆ ಆರ್‌ಸಿಯಲ್ಲಿ ಇದ್ದದ್ದು ಚಿಕ್ಕಪ್ಪನ ಹೆಸರು. ಬಾಂಡ್ ಪೇಪರ್ ಹಿಡಿದುಕೊಂಡು ಹೋದರು. ಅದು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಬ್ರೋಕರ್ ಫೋನ್ ಎತ್ತಲಿಲ್ಲ. ತೀರ್ಥಹಳ್ಳಿಯಿಂದ ಗೋವಾಕ್ಕೆ ಏಳು ಸಲ ಓಡಾಡಿದರು. ಕೊನೆಗೆ ಆ ವರ್ಷದ ಅಡಿಕೆ ದುಡ್ಡಿನಲ್ಲಿ ದೊಡ್ಡ ಪಾಲು ಪರಿಹಾರಕ್ಕೆ ಕಟ್ಟಿದರು.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಕೋರ್ಟಿನ ಜಗಲಿಯಲ್ಲಿ ಆ ಮನುಷ್ಯ ಊರುಗೋಲು ಒರಗಿಸಿಕೊಂಡು ಕೂತಿದ್ದ. ಮೊಣಕಾಲಿಂದ ಕೆಳಗೆ ಹೊಲಿಗೆಯ ಗುರುತು. ಚಿಕ್ಕಪ್ಪ ಅವನನ್ನೇ ನೋಡುತ್ತಾ ನಿಂತರು. ಆಮೇಲೆ ಬಸ್ಸಲ್ಲಿ ಹೇಳಿದರು: "ಅವ ಎಂತ ತಪ್ಪು ಮಾಡಿದ್ದ ಮಾರಾಯ್ತಿ? ಇನ್ಶೂರೆನ್ಸ್ ಕಟ್ಟೋಕೆ ಆ ಗಾಡಿಗೆ ಯಾರೂ ಇರ್ಲಿಲ್ಲ. ಮಾರಿದವ ನಂದಲ್ಲ ಅಂತ ಬಿಟ್ಟೆ, ತಗೊಂಡವ ನನ್ನ ಹೆಸರಿಗಾಗಿಲ್ಲ ಅಂತ ಬಿಟ್ಟ."

ನನಗೆ ಈ ಮಾತು ಇವತ್ತಿಗೂ ಮರೆತಿಲ್ಲ. ಆರ್‌ಸಿ ಬದಲಾಯಿಸುವುದು ಮಾರಿದವರ ತಲೆ ಉಳಿಸಿಕೊಳ್ಳಲು ಮಾತ್ರ ಅಂತ ಜನ ತಿಳಿದಿದ್ದಾರೆ. ರಸ್ತೆಯಲ್ಲಿ ಓಡುವ ಪ್ರತಿ ಗಾಡಿಗೆ ನಿಜವಾದ ಒಬ್ಬ ಯಜಮಾನ ಇರಬೇಕು. ಇಲ್ಲದಿದ್ದರೆ ಪೆಟ್ಟು ಬೀಳುವುದು ಯಾವುದಕ್ಕೂ ಸಂಬಂಧ ಇಲ್ಲದ ಮೂರನೆಯವನಿಗೆ.

ಕಾನೂನು ಇಲ್ಲಿ ಸ್ಪಷ್ಟ ಇದೆ. 2018ರಲ್ಲಿ ಸುಪ್ರೀಂ ಕೋರ್ಟಿಗೆ ಇಂಥದ್ದೇ ಕೇಸ್ ಬಂದಿತ್ತು. ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟ ಆಗಿತ್ತು, ಯಾರೂ ಹೆಸರು ಬದಲಾಯಿಸಿರಲಿಲ್ಲ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ, ಹೊಣೆ ಅವರದ್ದೇ ಅಂತ ಕೋರ್ಟ್ ಹೇಳಿತು. ಅಪಘಾತದಲ್ಲಿ ನೊಂದವರು ಗಾಡಿ ಯಾರಿಂದ ಯಾರಿಗೆ ಹೋಯಿತು ಅಂತ ಹುಡುಕಿಕೊಂಡು ಅಲೆಯಬೇಕಾಗಿಲ್ಲ ಅನ್ನುವುದು ಅದರ ಹಿಂದಿನ ವಿಚಾರ. ನನಗೆ ಇದು ನ್ಯಾಯ ಅನ್ನಿಸುತ್ತದೆ, ನಮ್ಮ ಚಿಕ್ಕಪ್ಪನ ದುಡ್ಡು ಹೋದರೂ ಕೂಡ.

ಈಗ ನಮ್ಮ ವಿಷಯ. ಹುಡುಗ ಅಡಿಕೆ ವ್ಯಾಪಾರದವನು, ನನ್ನ ಮೈದುನನಿಗೆ ಪರಿಚಯ. ಆಗುಂಬೆ ಘಾಟಿ ಹತ್ತಿ ಬಂದ, ಗಾಡಿ ಓಡಿಸಿ ನೋಡಿದ, ಒಪ್ಪಿದ, 20,000 ಅಡ್ವಾನ್ಸ್ ಕೊಟ್ಟ. ನಮ್ಮ ಹಾಗೇ ಕನ್ನಡ ಮಾತಾಡುತ್ತಾನೆ, ಹಲಸಿನ ಹಪ್ಪಳ ನಮ್ಮ ಹಾಗೇ ಸುಟ್ಟು ತಿನ್ನುತ್ತಾನೆ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನೆಂಟಸ್ತಿಕೆಗೆ, ಅಡಿಕೆಗೆ, ಯಕ್ಷಗಾನಕ್ಕೆ ಆ ಗಡಿ ಅಡ್ಡ ಬಂದಿಲ್ಲ. ಕಾರಿಗೆ ಬರುತ್ತದೆ.

ಒಂದೇ ರಾಜ್ಯದ ಒಳಗಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೊರ ರಾಜ್ಯಕ್ಕಾದರೆ ಎನ್‌ಒಸಿ, ಅಂದರೆ ನಮ್ಮ ಅಡ್ಡಿ ಇಲ್ಲ ಅಂತ ಆರ್‌ಟಿಒ ಕೊಡುವ ಪತ್ರ ಬೇಕು. ಅದು ಫಾರಂ 28. ನಮ್ಮ ಆರ್‌ಟಿಒ ಮೂರು ವಿಷಯ ನೋಡಿ ಕೊಡುತ್ತಾರೆ. ತೆರಿಗೆ ಬಾಕಿ ಇದೆಯಾ, ದಂಡ ಬಾಕಿ ಇದೆಯಾ, ಕಳ್ಳತನದ ಕೇಸ್ ಇದೆಯಾ. ಇದು ಕೈಗೆ ಬಂದ ಮೇಲೆ ಕೊಂಡವನು ಅದನ್ನು, 29, 30 ಫಾರಂಗಳನ್ನು ತನ್ನ ಊರಿನ ಆರ್‌ಟಿಒಗೆ ಕೊಟ್ಟು, ಅಲ್ಲಿನ ತೆರಿಗೆ ಕಟ್ಟಿ, ಹೊಸ ನಂಬರ್ ತಗೊಳ್ಳಬೇಕು. ಎನ್‌ಒಸಿ ಮೇಲೆ ಯಾವ ಆರ್‌ಟಿಒಗೆ ಹೋಗುತ್ತದೆ ಅಂತ ಹೆಸರು ಇರುತ್ತದೆ, ಅದಕ್ಕೇ ಕೊಳ್ಳುವವರ ವಿಳಾಸ ಮೊದಲೇ ಗಟ್ಟಿ ಮಾಡಿಕೊಳ್ಳಿ. "ಸುಮ್ನೆ ಯಾವುದಾದ್ರೂ ಹಾಕಿ, ಆಮೇಲೆ ನೋಡೋಣ" ಅಂದವರಿಗೆ ಗಾಡಿ ಕೊಡಲೇಬೇಡಿ.

ನಾವು ಮೊದಲು ಎಡವಿದ್ದು ಎಚ್‌ಪಿಯಲ್ಲಿ, ಅಂದರೆ ಗಾಡಿ ಮೇಲೆ ಸಾಲ ಇದೆ ಅಂತ ಆರ್‌ಸಿಯಲ್ಲಿ ಹಾಕುವ ನಮೂದಿನಲ್ಲಿ. ಕಾರಿನ ಸಾಲ 2018ರಲ್ಲೇ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಸಾಲ ತೀರಿದರೆ ಅದು ತಾನಾಗಿ ಹೋಗುತ್ತದೆ ಅಂತ ನಾವು ತಿಳಿದಿದ್ದೆವು. ಹೋಗುವುದಿಲ್ಲ. ಬ್ಯಾಂಕಿನಿಂದ ಪತ್ರ ತಂದು, ಫಾರಂ 35 ಕೊಟ್ಟು ತೆಗೆಸಬೇಕು. ಬ್ಯಾಂಕಿನವರು ಆ ಪತ್ರಕ್ಕೆ ಮೂರು ಸಲ ಓಡಾಡಿಸಿದರು. ಕೊನೆಯ ಕಂತು ಕಟ್ಟಿದ ದಿನವೇ ಈ ಪತ್ರ ಕೈಗಿಡುವುದು ಅವರ ಕರ್ತವ್ಯ ಆಗಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಸಾಲ ತೀರಿದವರು ಇವತ್ತೇ ನಿಮ್ಮ ಆರ್‌ಸಿ ತೆಗೆದು ನೋಡಿ.

ಆಮೇಲೆ ಬೆಂಗಳೂರಿನ ಯಾವುದೋ ಸಿಗ್ನಲ್‌ನಲ್ಲಿ ಬಿದ್ದಿದ್ದ ಹಳೇ 500 ರೂಪಾಯಿ ದಂಡ ಆನ್‌ಲೈನ್‌ನಲ್ಲಿ ಸಿಕ್ಕಿತು. ಕಟ್ಟಿದೆವು. ಆರ್‌ಸಿಗೆ ಜೋಡಿಸಿದ್ದ ಮೊಬೈಲ್ ನಂಬರ್ ಬಿಟ್ಟು ವರ್ಷಗಳಾಗಿದ್ದವು, ಒಟಿಪಿ ಬರುತ್ತಿರಲಿಲ್ಲ. ಅದನ್ನೂ ಬದಲಾಯಿಸಿದೆವು.

ಇನ್ನು ಎನ್‌ಒಸಿ ಅರ್ಜಿಗೆ ಬೇಕಾದ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್. ಜುಲೈ ಮೊದಲ ವಾರ, ಹೊರಗೆ ಜಡಿಮಳೆ. ಗಾಡಿಯನ್ನು ಅಡಿಕೆ ಒಣಗಿಸುವ ಮಾಡಿನ ಕೆಳಗೆ ತಂದು ಬಾನೆಟ್ ಎತ್ತಿದೆವು. ಇಂಜಿನ್ ಹಿಂದಿನ ತಗಡಿನ ಮೇಲೆ ಕೊರೆದ ನಂಬರ್, ಹತ್ತು ವರ್ಷದ ಮಣ್ಣು, ಜಿಡ್ಡು ಸೇರಿ ಮುಚ್ಚಿಹೋಗಿತ್ತು. ನಮ್ಮನೆಯವರು ಹಳೇ ಹಲ್ಲುಜ್ಜುವ ಬ್ರಷ್‌ಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದರು. ನಾನು ಟಾರ್ಚ್ ಹಿಡಿದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಮಾಡಿ ಮೆಲ್ಲಗೆ ಎಳೆಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಕಾಗದ ಎಂದರೆ ಗೊತ್ತಲ್ಲ, ಬೀರುವಿನೊಳಗಿದ್ದರೂ ತೇವ. ಎರಡು ಹಾಳೆ ಹರಿದವು. ಮೂರನೆಯದನ್ನು ಒಲೆಯ ಹತ್ತಿರ ಹಿಡಿದು ಬಿಸಿ ಮಾಡಿ ತಂದೆ. ಆಗ ಬಿಳಿ ಅಕ್ಷರ ಒಂದೊಂದಾಗಿ ಎದ್ದು ಬಂತು. ನಾನು ಆರ್‌ಸಿ ಹಿಡಿದು ಗಟ್ಟಿಯಾಗಿ ಓದಿದೆ, ಅವರು ಬೆರಳಿಟ್ಟು ಹೋಲಿಸಿದರು. ಒಂದು ಅಂಕಿ ತಪ್ಪಿದ್ದರೂ ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ, ಮಂಡಗದ್ದೆ ಗಾಜನೂರು ದಾಟಿ, ಮತ್ತೊಂದು ದಿನ ಹೋಗಬೇಕಿತ್ತು.

ಅರ್ಜಿ ಕೊಟ್ಟ ಮೇಲೆ ಎನ್‌ಒಸಿ ಬರಲು ಮೂರು ವಾರ ಹಿಡಿಯಿತು. ಕಾನೂನಿನ ಪ್ರಕಾರ 30 ದಿನದೊಳಗೆ ಕೊಡಬೇಕು, ಇಲ್ಲವೇ ಯಾಕೆ ಕೊಡುವುದಿಲ್ಲ ಅಂತ ಬರೆದು ತಿಳಿಸಬೇಕು. ಎರಡೂ ಮಾಡದೆ ಸುಮ್ಮನಿದ್ದರೆ ಕೊಟ್ಟ ಹಾಗೇ ಲೆಕ್ಕ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಈ ಮೂರು ವಾರವೇ ಕಷ್ಟದ್ದು. ಹುಡುಗ ಎರಡು ಸಲ ಫೋನ್ ಮಾಡಿದ. "ಅಕ್ಕ, ನಾನು ಎಂತ ಓಡಿ ಹೋಗ್ತೇನಾ? ಗಾಡಿ ಕೊಡಿ, ಎನ್‌ಒಸಿ ಬಂದಾಗ ಪೋಸ್ಟ್ ಮಾಡಿ." ಮೈದುನನೂ "ಅತ್ತಿಗೆ, ನನ್ನ ಮರ್ಯಾದೆ ಪ್ರಶ್ನೆ" ಅಂದ. ಬೇಜಾರಾಯಿತು, ಆದರೆ ಒಪ್ಪಲಿಲ್ಲ. ಹುಡುಗನಿಗೆ ಚಿಕ್ಕಪ್ಪನ ಕತೆ ಪೂರ್ತಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಆಯ್ತು ಅಕ್ಕ, ಬಂದ ಮೇಲೆಯೇ ಬರ್ತೇನೆ" ಅಂದ. ನಂಬಿಕೆ ಇಲ್ಲದ್ದಕ್ಕೆ ಕಾಗದ ಕೇಳುತ್ತಾರೆ ಅನ್ನುವುದು ತಪ್ಪು. ನಂಬಿದವರ ಮಧ್ಯೆ ಮನಸ್ತಾಪ ಬರಬಾರದು ಅಂತಲೇ ಕೇಳುವುದು.

ಕೀ ಕೊಟ್ಟ ದಿನ ಎರಡೂ ಫಾರಂ ಪೂರ್ತಿ ತುಂಬಿ, ಅವನ ಎದುರೇ ಸೈನ್ ಹಾಕಿದೆ. ಡೆಲಿವರಿ ಪತ್ರದಲ್ಲಿ ತಾರೀಕಿನ ಜೊತೆ ಗಂಟೆಯನ್ನೂ ಬರೆದೆವು: ಬೆಳಗ್ಗೆ 10.40. ಕಿಲೋಮೀಟರ್ ಎಷ್ಟು ಓಡಿದೆ ಅಂತಲೂ. ಅವನ ಆಧಾರ್ ಪ್ರತಿ ಇಟ್ಟುಕೊಂಡೆ. 10,000 ರೂಪಾಯಿ ಹೊಸ ಆರ್‌ಸಿ ಬಂದ ಮೇಲೆ ಅಂತ ಅವನ ಕೈಯಲ್ಲೇ ಬಿಟ್ಟೆ, ಅವನಿಗೂ ಬೇಗ ಮಾಡಿಸುವ ಮನಸ್ಸು ಬರಲಿ ಅಂತ. ಫಾಸ್ಟ್‌ಟ್ಯಾಗ್ ಅಂದೇ ಬಂದ್ ಮಾಡಿಸಿದೆ. ಇಲ್ಲದಿದ್ದರೆ ತಲಪಾಡಿ ಟೋಲ್ ದಾಟುವಾಗ ದುಡ್ಡು ಹೋಗುತ್ತಿದ್ದದ್ದು ನನ್ನ ಖಾತೆಯಿಂದ. ಇನ್ಶೂರೆನ್ಸನ್ನು ಕೊಂಡವರು 14 ದಿನದೊಳಗೆ ತಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಹಾಕಬೇಕು, ಅದನ್ನು ಅವನಿಗೆ ಬರೆದೇ ಕೊಟ್ಟೆ. ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಮಾತ್ರ ಮಾರಿದವರದ್ದೇ. ಅದರ ಪತ್ರ ಕೇಳಿ ತಗೊಳ್ಳಿ, ಮುಂದಿನ ಗಾಡಿಗೆ ಆಗುತ್ತದೆ.

ಜೀವಾವಧಿ ತೆರಿಗೆ ಬಗ್ಗೆ ಒಂದು ಮಾತು. ನಾವು ಗಾಡಿ ಕೊಳ್ಳುವಾಗಲೇ ಕರ್ನಾಟಕಕ್ಕೆ ಪೂರ್ತಿ ಕಟ್ಟಿರುತ್ತೇವೆ. ಗಾಡಿ ಬೇರೆ ರಾಜ್ಯದಲ್ಲಿ ನೋಂದಣಿ ಆದ ದಾಖಲೆ ತೋರಿಸಿದರೆ ಉಳಿದ ಅವಧಿಯದ್ದನ್ನು ವಾಪಸ್ ಕೇಳಬಹುದು. ಅದು ಯಾರಿಗೆ ಸೇರಬೇಕು ಅನ್ನುವುದನ್ನು ವ್ಯಾಪಾರದ ಹೊತ್ತಿನಲ್ಲೇ ಮಾತಾಡಿ ಮುಗಿಸಿ. ನಾವು ಅದನ್ನು ಅವನಿಗೇ ಬಿಟ್ಟೆವು, ಅವನು ಅಲ್ಲಿ ಮತ್ತೆ ಕಟ್ಟಬೇಕಲ್ಲ.

ಸರ್ಕಾರಕ್ಕೂ ಒಂದು ಮಾತು ಹೇಳಬೇಕು. 2021ರಲ್ಲಿ ಬಿಎಚ್ ಸರಣಿಯ ನಂಬರ್ ತಂದರು, ಸರ್ಕಾರಿ ನೌಕರರಿಗೆ, ನಾಲ್ಕಕ್ಕಿಂತ ಕಡಿಮೆ ಇಲ್ಲದಷ್ಟು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರಿಗೆ. ವರ್ಗ ಆದಾಗ ಹೊಸ ನಂಬರ್ ಬೇಡ. ಒಳ್ಳೆಯದೇ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಡೀಲರ್‌ಗಳಿಗೂ ನಿಯಮ ಬಂತು. ಅನುಮತಿ ಪಡೆದ ಡೀಲರ್‌ಗೆ ಗಾಡಿ ಕೊಟ್ಟು ಫಾರಂ 29ಸಿ ಆನ್‌ಲೈನ್‌ನಲ್ಲಿ ಹಾಕಿದರೆ ಅಲ್ಲಿಂದ ಹೊಣೆ ಡೀಲರ್‌ನದ್ದು. ಅದೂ ಒಳ್ಳೆಯದು. ಆದರೆ ತೀರ್ಥಹಳ್ಳಿಯವಳು ಬದಿಯಡ್ಕದವನಿಗೆ ನೇರವಾಗಿ ಮಾರಿದರೆ ಅಂಥ ದಾರಿ ಇಲ್ಲ. ಎರಡೂ ರಾಜ್ಯದ ದಾಖಲೆ ಇರುವುದು ಒಂದೇ ವಾಹನ್ ತಂತ್ರಾಂಶದಲ್ಲಿ. ಕೀ ಕೊಟ್ಟ ಗಂಟೆಯನ್ನು ಮಾರಿದವರು, ಕೊಂಡವರು ಇಬ್ಬರೂ ಒಟಿಪಿ ಹಾಕಿ ಅಲ್ಲಿ ದಾಖಲಿಸುವಂತೆ ಮಾಡಲು ಏನು ಅಡ್ಡಿ? ಕೆಲಸ ಸುಲಭವಾದರೆ ಖಾಲಿ ಫಾರಂಗೆ ಸೈನ್ ಹಾಕುವವರು ಕಡಿಮೆ ಆಗುತ್ತಾರೆ.

ಸೆಪ್ಟೆಂಬರ್‌ನಲ್ಲಿ ಹುಡುಗ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ. ಕೆಎಲ್ 14ರ ಹೊಸ ಆರ್‌ಸಿ, ಅವನ ಹೆಸರು. ಅದೇ ಸಂಜೆ ಚಿಕ್ಕಪ್ಪನ ಮನೆಗೆ ಹೋಗಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಹೆಸರನ್ನು ಎರಡು ಸಲ ಓದಿದರು. ಫೋನ್ ವಾಪಸ್ ಕೊಡದೆ ಕೇಳಿದರು: "ಇನ್ಶೂರೆನ್ಸ್ ಅವನ ಹೆಸರಿಗೆ ಆಯ್ತಾ?"

ಆಗಿತ್ತು. ಅದರ ಫೋಟೋವನ್ನೂ ತೋರಿಸಿದೆ.