ಗುಂಯ್‌ಗುಡುವ ಮೈದಾನ

ಮೊಬೈಲನ್ನು ವೈಬ್ರೇಶನ್‌ಗೆ ಹಾಕಿ ‘ಸೈಲೆಂಟ್ ಮಾಡಿದ್ದೇನೆ’ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಮೆರಿಕದ ಒಹಾಯೊದಲ್ಲಿರುವ ಮಗನ ಮನೆಯಲ್ಲಿ ಮೊಮ್ಮಗಳು ಮಲಗಿದಳೆಂದರೆ ಎಲ್ಲರ ಫೋನಿಗೂ ಇದೇ ಶಿಕ್ಷೆ. ಮೊನ್ನೆ ನನ್ನ ಫೋನು ಊಟದ ಮೇಜಿನ ಮೇಲೆ ಗುರ್ರೆನ್ನುತ್ತ, ಉಪ್ಪಿನಕಾಯಿ ಜಾಡಿಯನ್ನು ಸುತ್ತು ಹಾಕಿ, ಅಂಚಿನ ತನಕ ತೆವಳಿ ದೊಪ್ಪನೆ ಬಿತ್ತು. ಗಾಜು ಸೀಳಿತು, ಮಗು ಎದ್ದಿತು. ಕರೆ ಮಾಡಿದವರು ಕಾರಿಗೆ ವಿಮೆ ಬೇಕೇ ಎಂದು ಕೇಳುವವರು. ನನಗೆ ಕಾರೇ ಇಲ್ಲ.

ಈ ತೆವಳಾಟವನ್ನೇ ನಂಬಿ ಒಂದು ಆಟ ಕಟ್ಟಿದ ಪುಣ್ಯಾತ್ಮನಿದ್ದ ಎಂಬುದು ಪಕ್ಕದ ಮನೆಯ ಹಿರಿಯರಿಂದ ನನಗೆ ಮೊದಲೇ ತಿಳಿದಿತ್ತು. ಹೆಸರು ನಾರ್ಮನ್ ಸಾಸ್. ಎಂಐಟಿ ಎಂಬ ಅಮೆರಿಕದ ಹೆಸರಾಂತ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿದವನು. 1948ರಲ್ಲಿ ತಂದೆಯಿಂದ ಟ್ಯೂಡರ್ ಮೆಟಲ್ ಪ್ರಾಡಕ್ಟ್ಸ್ ಎಂಬ ನ್ಯೂಯಾರ್ಕಿನ ಆಟಿಕೆ ಕಂಪನಿಯನ್ನು ವಹಿಸಿಕೊಂಡ. ನಡುಗುವ ತಗಡಿನ ಮೇಲೆ ಪುಟ್ಟ ಕಾರುಗಳು ಓಡುವ ಆಟವೊಂದು ಅಲ್ಲಿ ಆಗಲೇ ತಯಾರಾಗುತ್ತಿತ್ತು. ಕಾರಿನ ಜಾಗದಲ್ಲಿ ಪುಟ್ಟ ಗೊಂಬೆ ಆಟಗಾರರನ್ನು ನಿಲ್ಲಿಸಿದರೆ ಹೇಗೆ ಎಂದು ಅವನಿಗೆ ತೋಚಿತು. 1949ರಲ್ಲಿ ಎಲೆಕ್ಟ್ರಿಕ್ ಫುಟ್‌ಬಾಲ್ ಅಂಗಡಿಗೆ ಬಂತು. ಫುಟ್‌ಬಾಲ್ ಎಂದರೆ ಅಮೆರಿಕದವರದು, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವಂಥದ್ದು. ಆ ಹೆಸರಿನ ಬಗ್ಗೆ ನನಗಿರುವ ತಕರಾರನ್ನು ಇಲ್ಲಿ ತೆಗೆಯುವುದಿಲ್ಲ.

1967ರಿಂದ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಪರವಾನಗಿಯೂ ಸಿಕ್ಕಿ, ನಿಜವಾದ ತಂಡಗಳ ಬಣ್ಣದ ಅಂಗಿ ತೊಟ್ಟ ಆಟಗಾರರು ಸಿಯರ್ಸ್ ಅಂಗಡಿಯ ಕ್ರಿಸ್‌ಮಸ್ ಕ್ಯಾಟಲಾಗಿನಲ್ಲಿ ಮೆರೆದರು. ಒಂದು ತಲೆಮಾರಿನ ಅಮೆರಿಕದ ಹುಡುಗರು ಈ ಗುಂಯ್ ಸದ್ದಿನಲ್ಲಿ ಬೆಳೆದರು. ಎಪ್ಪತ್ತರ ದಶಕದ ಕೊನೆಗೆ ಕೈಯಲ್ಲಿ ಹಿಡಿದು ಆಡುವ ಎಲೆಕ್ಟ್ರಾನಿಕ್ ಆಟಗಳು ಬಂದವು, ತಗಡಿನ ಮೈದಾನಗಳು ಅಟ್ಟ ಸೇರಿದವು. ಹೀಗೆ ಅಟ್ಟ ಸೇರಿದ್ದನ್ನು ಕೆಳಗಿಳಿಸಿ, ತಲೆ ನರೆತ ಗಂಡಸರು ಅದಕ್ಕೊಂದು ಸಂಘವನ್ನೂ ಏಕೆ ಕಟ್ಟಿಕೊಂಡರು ಎನ್ನುವುದನ್ನೇ ನಾನು ಹೇಳಲು ಹೊರಟದ್ದು. ಅದಕ್ಕೆ ಮೊದಲು ಪಕ್ಕದ ಮನೆಯ ನೆಲಮಾಳಿಗೆಗೆ ಇಳಿಯಬೇಕು.

ನನ್ನನ್ನು ಆ ಹಿರಿಯರು ಕರೆದದ್ದು ‘ಒಂದು ಆಟ ನೋಡಿ ಹೋಗಿ’ ಎಂದು. ಮೀನು ಹಿಡಿಯುವವರು ಗಾಳಗಳನ್ನು ಇಡುವ ಪೆಟ್ಟಿಗೆಯನ್ನು ತೆರೆದರು. ಖಾನೆಗೊಬ್ಬ ಆಟಗಾರ. ಒಬ್ಬನನ್ನು ಎತ್ತಿ, ತಲೆಕೆಳಗು ಮಾಡಿ, ದೀಪಕ್ಕೆ ಹಿಡಿದರು. ಪ್ಲಾಸ್ಟಿಕ್ ಪೀಠದ ಅಡಿಯಲ್ಲಿ ಉಗುರಿನ ಸಿಪ್ಪೆಯಷ್ಟು ತೆಳ್ಳನೆಯ ಕಾಲುಗಳು ಹಿಂದಕ್ಕೆ ವಾಲಿಕೊಂಡಿದ್ದವು. ಅವನ ಓಟವೆಲ್ಲ ಆ ವಾಲಿನಲ್ಲಿದೆ. ಒಬ್ಬನನ್ನೇ ತಗಡಿನ ಮೇಲಿಟ್ಟು ಸ್ವಿಚ್ ಒತ್ತಿದರು. ಗುಂಯ್. ಅವನು ಹತ್ತು ಅಂಗುಲ ನೇರ ಹೋಗಿ ಎಡಕ್ಕೆ ತಿರುಗಿದ. ‘ಎಡಕ್ಕೆ ಎಳೆಯುತ್ತಾನೆ’ ಎಂದು ಗೊಣಗಿ, ಚಪ್ಪಟೆ ಮೂತಿಯ ಇಕ್ಕಳದಿಂದ ಒಂದು ಕಾಲನ್ನು ಚಿವುಟಿದರು. ಮತ್ತೆ ಗುಂಯ್. ಈಗ ಬಲಕ್ಕೆ. ಮತ್ತೆ ಇಕ್ಕಳ. ಆಮೇಲೆ ಅಕ್ಕಸಾಲಿಗರ ತಕ್ಕಡಿಯಂಥದ್ದೊಂದು ಹೊರಬಂತು. ತೂಕ ಮೀರಿದವನು ಎದುರಾಳಿಯನ್ನು ದಬ್ಬಿಬಿಡುತ್ತಾನೆ, ಅದು ಅನ್ಯಾಯ. ಅವರು ಮಾತು ನಿಲ್ಲಿಸದೆ ತೂಗಿದರು, ನಾನು ಆಕಳಿಕೆ ನುಂಗುತ್ತ ಕುಳಿತೆ. ಕಾಫಿ ಕೊಡುತ್ತಾರೆ ಎಂದುಕೊಂಡಿದ್ದೆ, ಕೊಡಲಿಲ್ಲ.

ಹನ್ನೊಂದು ಮಂದಿ ಈ ಕಡೆ, ಹನ್ನೊಂದು ಮಂದಿ ಆ ಕಡೆ. ಇವನ ಮೂಗು ಅವನ ಭುಜಕ್ಕೆ ನೇರವಾಗಿರಬೇಕು. ಕೂದಲೆಳೆಯಷ್ಟು ಓರೆಯಾದರೆ ಮತ್ತೆ ನಿಲ್ಲಿಸಬೇಕು. ಮಗನ ಮನೆಯಲ್ಲಿ ಕುಕ್ಕರು ಕೂಗಿ ಅನ್ನ ಆರುವಷ್ಟು ಹೊತ್ತಾದ ಮೇಲೆ ಎಲ್ಲ ಸಿದ್ಧವಾಯಿತು. ಸ್ವಿಚ್ಚಿನ ಮೇಲೆ ನಾನು ಬೆರಳಿಟ್ಟೆ, ಅವರು ನನ್ನ ಕೈಯನ್ನು ಮೆಲ್ಲನೆ, ಆದರೆ ಖಂಡಿತವಾಗಿ, ತಳ್ಳಿದರು. ಗುಂಯ್! ಇಪ್ಪತ್ತೆರಡು ಮಂದಿಯೂ ಎರಡನೇ ಪಂಕ್ತಿಗೆ ನುಗ್ಗುವ ಮದುವೆ ನೆಂಟರ ಹಾಗೆ ಒಬ್ಬರ ಮೇಲೊಬ್ಬರು ಬಿದ್ದರು. ಇಬ್ಬರು ತೋಳಿಗೆ ತೋಳು ಸಿಕ್ಕಿಸಿಕೊಂಡು ಗಿರಗಿರನೆ ಸುತ್ತಿದರು. ಚೆಂಡು ಹಿಡಿದಿದ್ದವನು ಆ ಗದ್ದಲದಿಂದ ಹೊರಬಂದು, ಕ್ಷಣ ನಡುಗಿ, ಹಿಂದಕ್ಕೆ ತಿರುಗಿ, ತನ್ನದೇ ತಂಡದ ಗೆರೆಯ ಕಡೆ ನಿಷ್ಠೆಯಿಂದ ಹೊರಟ. ಇಕ್ಕಳ, ತಕ್ಕಡಿ ಎಲ್ಲ ಆಗಿದ್ದದ್ದು ಇವನಿಗೇ. ಹಿರಿಯರು ಸ್ವಿಚ್ ಆರಿಸಿ, ಅವನನ್ನು ಎರಡು ಬೆರಳಲ್ಲಿ ಎತ್ತಿ, ಮುಖ ನೋಡಿದರು. ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಸಂಘದ ವಿಷಯ. 1990ರ ದಶಕದಲ್ಲಿ ಮಿಗಲ್ ಟಾಯ್ಸ್ ಎಂಬ ಕಂಪನಿ ಈ ಆಟವನ್ನು ಮತ್ತೆ ಮಾರಿತು, ದೇಶದ ಮೂಲೆಮೂಲೆಯ ಆಟಗಾರರನ್ನು ಒಂದೆಡೆ ಕೂಡಿಸಿ ಚಾಂಪಿಯನ್‌ಷಿಪ್ ನಡೆಸಿತು. ತಮ್ಮ ನೆಲಮಾಳಿಗೆಯಲ್ಲಿ ತಾವೊಬ್ಬರೇ ಹುಚ್ಚರು ಎಂದುಕೊಂಡಿದ್ದವರಿಗೆ ಜೊತೆ ಸಿಕ್ಕಿತು. ಜೊತೆಗೆ ಜಗಳವೂ ಸಿಕ್ಕಿತು, ಏಕೆಂದರೆ ಪ್ರತಿ ನೆಲಮಾಳಿಗೆಗೂ ಅದರದೇ ನಿಯಮವಿತ್ತು. ಪೀಠವನ್ನು ಎಷ್ಟು ತಿದ್ದಬಹುದು? ಚೆಂಡು ಎಸೆಯುವುದು ಸ್ಪ್ರಿಂಗ್ ತೋಳಿನ ಆಟಗಾರನಿಂದಲೇ ಆಗಬೇಕೇ? ಇಂಥ ವ್ಯಾಜ್ಯಗಳ ನಡುವೆಯೇ ಮಿನಿಯೇಚರ್ ಫುಟ್‌ಬಾಲ್ ಕೋಚಸ್ ಅಸೋಸಿಯೇಶನ್ ಎಂಬ ಸಂಘವೂ ನಡೆದುಬಂದಿದೆ. ಅಲ್ಲಿ ಎಲ್ಲರೂ ಕೋಚ್‌ಗಳೇ. ಮಾತು ಕೇಳದಿರಲು ಪ್ಲಾಸ್ಟಿಕ್ಕಿನವರು ಇದ್ದಾರಲ್ಲ! ನಾರ್ಮನ್ ಸಾಸ್ 2012ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡ. ಮಕ್ಕಳಿಗೆಂದು ಅವನು ಮಾಡಿದ ಆಟಕ್ಕೆ ಆ ವೇಳೆಗೆ ಅಜ್ಜಂದಿರು ತಕ್ಕಡಿ ಹಿಡಿದು ನಿಂತಿದ್ದರು.

ಏಕೆ ನಿಂತಿದ್ದರು ಎಂಬುದಕ್ಕೆ ಬರುತ್ತೇನೆ. ಈಗ ಇನ್ನೊಂದು ಮುಖ್ಯವಾದದ್ದಿದೆ. ಚೆಂಡು ಹಿಡಿದವನನ್ನು ಎದುರಾಳಿಯ ಪೀಠದ ಮುಂಭಾಗ ತಾಗಿದರೆ ಮಾತ್ರ ಅವನು ಸಿಕ್ಕಿಬಿದ್ದಂತೆ ಎಂದು ಕೆಲವರು ಆಡುತ್ತಾರೆ. ನಮ್ಮ ಹಿರಿಯರು ಹೇಗೆ ತಾಗಿದರೂ ಆಯಿತು ಎನ್ನುವವರು. ಇದು ಶುದ್ಧ ಅವಿವೇಕ. ಬೆನ್ನು ತಾಗಿಸಿಕೊಂಡು ಬೇರೆ ದಿಕ್ಕಿಗೆ ಹೋಗುತ್ತಿರುವವನು ಯಾರನ್ನು ಹಿಡಿದಂತಾಯಿತು? ಬಸ್ಸಿನಲ್ಲಿ ಬೆನ್ನು ತಾಗಿದವರನ್ನೆಲ್ಲ ನಾವು ಬಂಧಿಸಿದೆವು ಎನ್ನುತ್ತೇವೆಯೇ? ಬೇಲಿಯ ಈ ಕಡೆ ನಿಂತು ಅವರಿಗೆ ಎಷ್ಟು ಬಿಡಿಸಿ ಹೇಳಿದರೂ ಒಪ್ಪಲಿಲ್ಲ. ತಮ್ಮ ಲೀಗಿನ ನಿಯಮದ ಹಾಳೆಯನ್ನು ಶನಿವಾರ ತಂದು ತೋರಿಸುತ್ತಾರಂತೆ. ತೋರಿಸಲಿ, ನೋಡೋಣ. ಹಾಳೆಯ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು.